ಎಂಆರ್2ಗೆ ಕ್ಯಾಮ್ರಿಯ ವಿ6 ಎಂಜಿನ್ ಹಾಕಿದರೆ ಗೇರ್‌ಬಾಕ್ಸ್ ತಡೆಯುತ್ತಾ?

ಐದನೇಗೇರ್ (ಸ್ಯಾನ್ ಹೊಸೆ)

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ 1991ರ ಟೊಯೋಟಾ ಎಂಆರ್2 ಇದೆ. ಎಸ್‌ಡಬ್ಲ್ಯೂ20 ಅಂತಾರಲ್ಲ, ಆ ಎರಡನೇ ತಲೆಮಾರಿನದು. ಎಂಜಿನ್ ಸೀಟಿನ ಹಿಂದೆ, ಅಡ್ಡಡ್ಡ ಕೂತಿರುತ್ತೆ. ನನ್ನದು ಟರ್ಬೋ ಅಲ್ಲ, 2.2 ಲೀಟರಿನ 5ಎಸ್-ಎಫ್ಇ, 130 ಹಾರ್ಸ್‌ಪವರ್. ಎರಡು ಲಕ್ಷ ಮೈಲಿ ದಾಟಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯವರು ಕಿಟಕಿ ಮುಚ್ಚುವಷ್ಟು ನೀಲಿ ಹೊಗೆ.

ಎಂಜಿನ್ ಬಿಚ್ಚಿಸಿ ರಿಪೇರಿ ಮಾಡಿಸುವ ದುಡ್ಡಿಗೆ ಬೇರೆ ಎಂಜಿನ್ನೇ ಕೂರಿಸಬಹುದು ಅನ್ನಿಸಿದೆ. ಮನಸ್ಸು ಕ್ಯಾಮ್ರಿಯ 3.5 ಲೀಟರ್ ವಿ6 ಮೇಲೆ, ಅಂದ್ರೆ 2ಜಿಆರ್-ಎಫ್ಇ. 268 ಹಾರ್ಸ್‌ಪವರ್, ಗುಜರಿ ಯಾರ್ಡಿನಲ್ಲಿ ಬೇಕಾದಷ್ಟು ಸಿಗುತ್ತೆ. ತೊಂದರೆ ಗೇರ್‌ಬಾಕ್ಸಿನದು. ನನ್ನ ಕಾರಿನಲ್ಲಿರುವುದು ಎಸ್54. ಒಬ್ಬರು 200 ಹಾರ್ಸ್‌ಪವರ್‌ಗೇ ಪುಡಿಯಾಗುತ್ತೆ ಅಂತಾರೆ. ಇನ್ನೊಬ್ಬರು ಮೂರು ವರ್ಷದಿಂದ ಅದರಲ್ಲೇ ಓಡಿಸ್ತಿದ್ದೀನಿ ಅಂತಾರೆ. ಯಾರನ್ನು ನಂಬೋದು?

ಗ್ಯಾರೇಜ್‌ಮೇಷ್ಟ್ರು (ಡೆಟ್ರಾಯ್ಟ್ ಹತ್ರ)

ಇಬ್ಬರನ್ನೂ ನಂಬಿ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಆದರೆ ಇಬ್ಬರೂ ತಪ್ಪು ಲೆಕ್ಕ ಹೇಳ್ತಿದ್ದಾರೆ.

ಗೇರ್‌ಬಾಕ್ಸಿಗೆ ಹಾರ್ಸ್‌ಪವರ್ ಅಂದ್ರೆ ಏನು ಅಂತ ಗೊತ್ತೇ ಇಲ್ಲ ರೀ. ಅದಕ್ಕೆ ಗೊತ್ತಿರೋದು ಟಾರ್ಕ್, ಅಂದ್ರೆ ತಿರುಗಿಸುವ ಬಲ ಮಾತ್ರ. ನಿಮ್ಮ 5ಎಸ್-ಎಫ್ಇ ಕೊಡೋದು 190 ನ್ಯೂಟನ್ ಮೀಟರ್. ಅಮೆರಿಕದ ಟರ್ಬೋ ಎಂಆರ್2 ಎಂಜಿನ್, 3ಎಸ್-ಜಿಟಿಇ, ಸುಮಾರು 271. ಕ್ಯಾಮ್ರಿ ವಿ6 ಸುಮಾರು 336. ಹಾಗಾಗಿ ಎಸ್54 ದಿನಾ ಹೊರುತ್ತಿದ್ದ ಭಾರದ ಒಂದೂಮುಕ್ಕಾಲು ಪಟ್ಟು ನೀವು ಹೊರಿಸೋಕೆ ಹೊರಟಿದ್ದೀರಿ. ಟರ್ಬೋ ಕಾರಿಗೆ ಟೊಯೋಟಾ ಕೊಟ್ಟಿದ್ದು ಬೇರೆ ಗೇರ್‌ಬಾಕ್ಸು, ಇ153. ಅದಕ್ಕಾದರೆ ಹೊಸ ಭಾರ ಕಾಲು ಭಾಗ ಮಾತ್ರ ಜಾಸ್ತಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಎತ್ತು, ಒಂದು ಕರು.

ಒಳಗೆ ಏನಾಗುತ್ತೆ ಅಂತ ಹೇಳ್ತೀನಿ. ಎರಡು ಗೇರು ಹಲ್ಲು ಕಚ್ಚಿ ತಿರುಗುವಾಗ ಒಂದನ್ನೊಂದು ದೂರ ತಳ್ಳುತ್ತವೆ. ಕಬ್ಬಿನ ಹಾಲಿನ ಮಷಿನ್ ನೋಡಿದ್ದೀರಲ್ಲ? ದಪ್ಪ ಜಲ್ಲೆ ಒಳಗೆ ಹೋದಾಗ ಎರಡು ರೋಲರೂ ಅಗಲಕ್ಕೆ ಹೋಗೋಕೆ ನೋಡ್ತವೆ, ಇಡೀ ಗಾಡಿ ಕಿರುಗುಟ್ಟುತ್ತೆ. ಇಲ್ಲೂ ಅದೇ. ಶಾಫ್ಟ್ ಬಾಗುತ್ತೆ, ಅಲ್ಯೂಮಿನಿಯಂ ಕೇಸ್ ಕೂಡ ಕೂದಲೆಳೆಯಷ್ಟು ಬಿಚ್ಚಿಕೊಳ್ಳುತ್ತೆ. ಆಗ ಹಲ್ಲು ಪೂರ್ತಿ ಅಗಲಕ್ಕೆ ಕೂರದೆ ಅಂಚಿನಲ್ಲಿ ಮಾತ್ರ ಕೂರುತ್ತೆ. ಇಡೀ ಭಾರ ಆ ಅಂಚಿನ ಮೇಲೆ. ಅಲ್ಲಿಂದ ಚಕ್ಕೆ ಏಳೋಕೆ ಶುರು. ಗಟ್ಟಿ ಗೇರ್‌ಬಾಕ್ಸ್ ಅಂದ್ರೆ ಗಟ್ಟಿ ಗೇರ್ ಅಷ್ಟೇ ಅಲ್ಲ. ಶಾಫ್ಟುಗಳ ನಡುವಿನ ದೂರ, ಬೇರಿಂಗ್ ಸೈಜು, ಕೇಸಿನ ಬಿಗಿ, ಇದೆಲ್ಲ ಸೇರಿ ಆಗೋದು.

ಅಡ್ಡ ಎಂಜಿನ್ನಿನ ಕಾರಲ್ಲಿ ಇದಕ್ಕೆಲ್ಲ ಜಾಗವೇ ಕಮ್ಮಿ. ಎಂಜಿನ್ ಪಕ್ಕದಲ್ಲೇ ಗೇರ್‌ಬಾಕ್ಸ್, ಅದರೊಳಗೇ ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಬಲ ಹಂಚುವ ಗೇರುಗಳು), ಎಲ್ಲವೂ ಎರಡು ಚಕ್ರದ ನಡುವೆ ಹಿಡಿಸಬೇಕು. ಗೇರ್ ಅಗಲ ಮಾಡಿ ಗಟ್ಟಿ ಮಾಡೋಣ ಅಂದ್ರೆ ಎಲ್ಲಿ ಮಾಡ್ತೀರಿ?

ಕುಂದಾಪ್ರದವ

ಸುಮ್ನೆ ಕೇಳ್ತಿದ್ದೀನಿ, ಬೈಬೇಡಿ ಮಾರಾಯ್ರೆ. ಇನ್ನೋವಾ ಗೇರ್‌ಬಾಕ್ಸ್ ಹಾಕಿದ್ರೆ ಆಗಲ್ವಾ? ಏಳು ಜನ, ಮೇಲೆ ಲಗೇಜು, ಆಗುಂಬೆ ಘಾಟಿ ಹತ್ತುತ್ತೆ. ಅದಕ್ಕಿಂತ ಗಟ್ಟಿ ಯಾವುದು ಬೇಕು?

ರಾಮನಗರ ರಸ್ತೆ

ಕುಂದಾಪ್ರದವರೇ, ನಗು ಬಂತು, ಆದರೆ ಪ್ರಶ್ನೆ ಚೆನ್ನಾಗಿದೆ. ಟೊಯೋಟಾದ ಗೇರ್‌ಬಾಕ್ಸ್ ನಮ್ಮ ಬಿಡದಿಯಲ್ಲೇ ತಯಾರಾಗುತ್ತೆ. ಟೊಯೋಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್ ಅಂತ ಕಾರ್ಖಾನೆ, 2004ರಿಂದ ಅಲ್ಲಿ ಆರ್ ಟೈಪ್ ಮ್ಯಾನುವಲ್ ಗೇರ್‌ಬಾಕ್ಸ್ ಮಾಡಿ ಹೊರದೇಶಕ್ಕೂ ಕಳಿಸಿದ್ದಾರೆ. ಆದರೆ ಅದು ಉದ್ದಕ್ಕೆ ಕೂರುವ ಗೇರ್‌ಬಾಕ್ಸು. ಎಂಜಿನ್ ಮುಂದೆ, ಅದರ ಹಿಂದೆ ಗೇರ್‌ಬಾಕ್ಸ್, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಕೊನೆಗೆ ಹಿಂದಿನ ಆಕ್ಸಲ್ಲಿನಲ್ಲಿ ಡಿಫರೆನ್ಷಿಯಲ್. ಎಂಆರ್2ನಲ್ಲಿ ಎಂಜಿನ್‌ಗೂ ಆಕ್ಸಲ್‌ಗೂ ನಡುವೆ ಒಂದು ಮೊಳ ಜಾಗವೂ ಇಲ್ಲ. ಇನ್ನೋವಾ ಗೇರ್‌ಬಾಕ್ಸ್ ಹಾಕಿದ್ರೆ ಅದರ ಬಾಲ ಬಾಗಿಲಿನಿಂದ ಆಚೆ ಬರುತ್ತೆ.

ಎಣ್ಣೆಕೈ (ನಾರ್ವಿಚ್, ಇಂಗ್ಲೆಂಡ್)

ನಾನು ಟರ್ಬೋ ಎಂಆರ್2 ಇಟ್ಟುಕೊಂಡವಳು. ಜಪಾನಿನಿಂದ ತರಿಸಿದ್ದು, 245 ಪಿಎಸ್‌ನ ಎಂಜಿನ್ (ಪಿಎಸ್ ಅಂದ್ರೆ ಹೆಚ್ಚುಕಮ್ಮಿ ಹಾರ್ಸ್‌ಪವರ್ರೇ). ಇ153 ಒಡೆದು ನೋಡಿದ ಅನುಭವ ಇದೆ, ಅದೂ ಎರಡು ಸಲ. ಹೇಳ್ತೀನಿ ಕೇಳಿ.

ಮೊದಲನೇ ಸಲ ತಪ್ಪು ಪೂರಾ ನನ್ನದೇ. ಡ್ರ್ಯಾಗ್ ಸ್ಟ್ರಿಪ್ಪಿಗೆ, ಅಂದ್ರೆ ನೇರ ರಸ್ತೆಯ ರೇಸಿಗೆ ಹೋಗಿದ್ದೆ. ಗೋಂದಿನ ಹಾಗೆ ಅಂಟುವ ಟೈರ್, ಹೊಸದಾಗಿ ಹಾಕಿಸಿದ ಗಟ್ಟಿ ಕ್ಲಚ್. 5,000 ಆರ್‌ಪಿಎಂನಲ್ಲಿ ಪೆಡಲ್ ಬಿಟ್ಟೆ. ಒಂದು ಚಕ್ರ ಸುತ್ತಿತು, ತಕ್ಷಣ ರಸ್ತೆ ಹಿಡಿಯಿತು. ಟಣ್ ಅಂತ ಒಂದೇ ಶಬ್ದ. ಆಮೇಲೆ ಎಂಜಿನ್ ಕೂಗುತ್ತೆ, ಕಾರು ಅಲ್ಲಾಡಲ್ಲ. ಕೆಳಗೆ ಬಗ್ಗಿ ನೋಡಿದರೆ ಕೇಸಿನಲ್ಲಿ ಹೆಬ್ಬೆರಳು ಹೋಗುವಷ್ಟು ತೂತು. ಡಿಫರೆನ್ಷಿಯಲ್ಲಿನ ಒಳಗಿನ ಸಣ್ಣ ಗೇರುಗಳನ್ನು ಹಿಡಿದಿಡುವ ಪಿನ್ ಮುರಿದು ಗೋಡೆ ಒಡೆದುಕೊಂಡು ಆಚೆ ಬಂದಿತ್ತು. ಮೇನ್ ಗೇರುಗಳಿಗೆ ಒಂದು ಗೀರೂ ಇರಲಿಲ್ಲ!

ಎರಡನೇದು ಬೇರೆ ಕಥೆ. ಕೇಸ್ ಬದಲಿಸಿ, ಹೆಲಿಕಲ್ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯುವ ಡಿಫರೆನ್ಷಿಯಲ್) ಹಾಕಿ ರೀಬಿಲ್ಡ್ ಮಾಡಿಕೊಡಿ ಅಂತ ಒಂದು ಕಡೆ ಕೊಟ್ಟೆ. ಹೆಸರು ಬೇಡ. ಡಿಫರೆನ್ಷಿಯಲ್ ಬದಲಿಸಿದ ಮೇಲೆ ಬೇರಿಂಗಿನ ಬಿಗಿ ಅಳೆದು ಅದಕ್ಕೆ ತಕ್ಕ ದಪ್ಪದ ಶಿಮ್, ಅಂದ್ರೆ ತೆಳ್ಳನೆ ಲೋಹದ ಬಿಲ್ಲೆ ಹಾಕಬೇಕು. ಅವರು ಹಳೇ ಶಿಮ್ಮನ್ನೇ ಹಾಕಿ ಮುಚ್ಚಿದ್ದರು. ಮೂರು ತಿಂಗಳಾದ ಮೇಲೆ ಎಕ್ಸಲರೇಟರ್ ಬಿಟ್ಟಾಗ ಮಾತ್ರ ಗುಂಯ್ ಅನ್ನೋ ಸದ್ದು. ಎಣ್ಣೆ ಇಳಿಸಿ ಡ್ರೈನ್ ಪ್ಲಗ್ಗಿನ ಆಯಸ್ಕಾಂತ ನೋಡಿದೆ. ಮಾಮೂಲಿಯಾಗಿ ಅದರ ತುದಿಯಲ್ಲಿ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇರುತ್ತೆ, ವಿಭೂತಿ ನೆನೆಸಿದ ಹಾಗೆ. ಬೆರಳಲ್ಲಿ ಉಜ್ಜಿದರೆ ಗರಗರ ಅನ್ನಬಾರದು. ನನ್ನದರಲ್ಲಿ ಅವಲಕ್ಕಿ ಚೂರಿನ ಹಾಗೆ ತೆಳ್ಳನೆ ಹೊಳೆಯುವ ಪದರಗಳು. ಬೇರಿಂಗ್ ಸಿಪ್ಪೆ ಸುಲಿದುಕೊಳ್ತಾ ಇತ್ತು.

ಹಾಗಾಗಿ ಐದನೇಗೇರ್ ಅವರೇ, ಹಳೇ ಇ153 ಕೊಳ್ಳುವ ಮೊದಲು ಆ ಪ್ಲಗ್ ಬಿಚ್ಚಿ ನೋಡಿ. ಮಾರುವವನು ಬಿಚ್ಚೋಕೆ ಬಿಡಲ್ಲ ಅಂದ್ರೆ ವಾಪಸ್ ಬನ್ನಿ.

ಐದನೇಗೇರ್

ಅಕ್ಕಾ, ಕೇಸಿನಲ್ಲಿ ತೂತು ಅಂತ ಓದಿ ಎದೆ ಝಲ್ ಅಂತು. ನಾನು ಡ್ರ್ಯಾಗ್ ರೇಸಿಗೆಲ್ಲ ಹೋಗಲ್ಲ. ವಾರಕ್ಕೊಮ್ಮೆ ಸಾಂತಾಕ್ರೂಜ್ ಬೆಟ್ಟದ ರಸ್ತೆ, ಅಷ್ಟೇ. ಹಾಗಿದ್ರೆ ಎಸ್54 ಸಾಕಾಗಲ್ವಾ? ಇ153 ಹಾಕಿದ್ರೆ ಆಕ್ಸಲ್ ಕೂಡ ಟರ್ಬೋದೇ ಬೇಕಂತೆ. ಖರ್ಚು ಏರ್ತಾ ಇದೆ.

ಗ್ಯಾರೇಜ್‌ಮೇಷ್ಟ್ರು

ಎಣ್ಣೆಕೈ ಮೇಡಂ ಹೇಳಿದ್ದರಲ್ಲಿ ಮುಖ್ಯವಾದ್ದು ಒಂದಿದೆ, ಅದನ್ನು ಲೆಕ್ಕದಲ್ಲಿ ತೋರಿಸ್ತೀನಿ. ಬೇಜಾರಾದರೆ ದಾಟಿ ಹೋಗಿ.

ಟರ್ಬೋ ಕಾರಿನ ಇ153ಯಲ್ಲಿ ಮೊದಲ ಗೇರು 3.230, ಎರಡನೇದು 1.913, ಮೂರನೇದು 1.258, ಫೈನಲ್ ಡ್ರೈವ್ (ಡಿಫರೆನ್ಷಿಯಲ್ಲಿಗೆ ಹೋಗುವ ಕೊನೇ ಗೇರು ಜೋಡಿ) 4.285. ವಿ6ನ 336ನ್ನು ಇದಕ್ಕೆ ಗುಣಿಸಿ. ಚಕ್ರಕ್ಕೆ ಬರುವ ಟಾರ್ಕ್ ಮೊದಲ ಗೇರಿನಲ್ಲಿ ಸುಮಾರು 4,650 ನ್ಯೂಟನ್ ಮೀಟರ್, ಎರಡನೇದರಲ್ಲಿ 2,750, ಮೂರನೇದರಲ್ಲಿ 1,800.

ಈಗ ಟೈರು ಎಷ್ಟು ತಡೆಯುತ್ತೆ? ಕಾರಿನ ತೂಕ 1,250 ಕೆಜಿ ಅಂದುಕೊಳ್ಳಿ. ಎಂಆರ್2ನಲ್ಲಿ ಅದರಲ್ಲಿ ನೂರಕ್ಕೆ ಸುಮಾರು 58 ಪಾಲು ಹಿಂದಿನ ಚಕ್ರದ ಮೇಲೆ. ಹೊರಡುವಾಗ ಇನ್ನಷ್ಟು ತೂಕ ಹಿಂದಕ್ಕೆ ವಾಲುತ್ತೆ. ಒಳ್ಳೇ ರೋಡ್ ಟೈರ್ ಆದರೆ ಒಟ್ಟು 2,700 ಆಸುಪಾಸಿಗೆ ಜಾರೋಕೆ ಶುರು ಮಾಡುತ್ತೆ. ಎಂದರೆ ಮೊದಲ ಗೇರಿನಲ್ಲಿ ಎಂಜಿನ್ ಎಷ್ಟೇ ಹಾರಾಡಲಿ, ಟೈರು ಜಾರಿ ಗೇರ್‌ಬಾಕ್ಸನ್ನು ಉಳಿಸುತ್ತೆ. ಟೈರೇ ಫ್ಯೂಸು. ಮೂರನೇ ಗೇರಿನಲ್ಲಿ ಈ ಫ್ಯೂಸ್ ಕೆಲಸ ಮಾಡಲ್ಲ. 1,800ಕ್ಕೆ ಟೈರು ಜಾರಲ್ಲ. ಎಂಜಿನ್ನಿನ ಪೂರ್ತಿ 336 ಹಲ್ಲುಗಳ ಮೇಲೇ ಕೂರುತ್ತೆ, ಬೆಟ್ಟ ಹತ್ತುವಷ್ಟು ಹೊತ್ತೂ.

ಆದ್ದರಿಂದ ನೀವು ಡ್ರ್ಯಾಗ್ ರೇಸಿಗೆ ಹೋಗಲ್ಲ ಅನ್ನೋದು ಅರ್ಧ ಸಮಾಧಾನ ಮಾತ್ರ. ಕಾಲು ಬಿಟ್ಟು ಕ್ಲಚ್ ಹೊಡೆಯೋರಿಗೆ ಡಿಫರೆನ್ಷಿಯಲ್ ಹೋಗುತ್ತೆ. ಬೆಟ್ಟದ ರಸ್ತೆಯವರಿಗೆ ಎರಡನೇ, ಮೂರನೇ ಗೇರು ಮೆಲ್ಲಗೆ ಸವೆಯುತ್ತೆ. ಎಸ್54 ಮೊದಲ ದಿನವೇ ಒಡೆಯಲ್ಲ. ಅದೇ ಅದರ ಮೋಸ. ಮೂರು ವರ್ಷ ಓಡಿಸಿದವರು ಇರ್ತಾರೆ, ಅವರ ಬಲಗಾಲು ಹಗುರ ಅಷ್ಟೇ.

ಇನ್ನೊಂದು ಮಾತು. ದೊಡ್ಡ ಎಂಜಿನ್ ಹಾಕಿದ ತಕ್ಷಣ ಎಲ್ಲರೂ ಮಾಡೋದು ತಾಮ್ರದ ಬಿಲ್ಲೆಯ ರೇಸಿಂಗ್ ಕ್ಲಚ್ ಹಾಕಿಸೋದು. ಮನೆಯ ಫ್ಯೂಸ್ ಹಾರಿದಾಗ ಅದರ ಜಾಗಕ್ಕೆ ದಪ್ಪ ತಂತಿ ಸುತ್ತಿದ ಹಾಗೆ ಅದು. ಕ್ಲಚ್ ಸ್ವಲ್ಪ ಜಾರಿದರೆ ಧಕ್ಕೆ ಅಲ್ಲೇ ಮುಗಿಯುತ್ತೆ. ಜಾರಲೇಬಾರದು ಅಂದ್ರೆ ಧಕ್ಕೆ ಮುಂದೆ ಹೋಗಿ ಹಲ್ಲಿಗೆ ಬೀಳುತ್ತೆ. ನಿಮ್ಮ ಟಾರ್ಕಿಗೆ ತಕ್ಕಷ್ಟು, ಸಾದಾ ಆರ್ಗ್ಯಾನಿಕ್ ಡಿಸ್ಕಿನದು ಹಾಕಿ ಸಾಕು.

ವಿಟೆಕ್ ಭಕ್ತ (ಟೊರಾಂಟೊ)

ಇಷ್ಟೊಂದು ಒದ್ದಾಟ ಯಾಕೆ ಗುರು? ಹೋಂಡಾ ಕೆ20 ಎಂಜಿನ್ ಹಾಕಿ ಮುಗಿಸಿ. ಅದರದೇ ಆರು ಸ್ಪೀಡ್ ಗೇರ್‌ಬಾಕ್ಸ್ ಜೊತೆಗೇ ಬರುತ್ತೆ. ಹಳೇ ಹೋಂಡಾ ಬಿ ಸೀರೀಸ್ ಎಂಜಿನ್ ಉಲ್ಟಾ ತಿರುಗುತ್ತಿತ್ತು, ಕೆ ಸೀರೀಸ್ ಎಲ್ಲರ ಹಾಗೆ ತಿರುಗುತ್ತೆ. ಲೋಟಸ್ ಎಲಿಸ್‌ಗೆ ಎಷ್ಟು ಜನ ಹಾಕಿದ್ದಾರೆ ನೋಡಿ. ಎಸ್‌ಡಬ್ಲ್ಯೂ20 ಮೊದಲೇ ತಿರುವಿನಲ್ಲಿ ಹಿಂಬದಿ ಬೀಸುತ್ತೆ, ಭಾರದ ವಿ6 ಹಿಂದೆ ಇಟ್ಟರೆ ಇನ್ನೂ ಕಷ್ಟ.

ಎಣ್ಣೆಕೈ

ಗೇರ್‌ಬಾಕ್ಸ್ ಜೊತೆಗೇ ತರೋದು ಜಾಣತನ, ಒಪ್ಪಿದೆ. ಆದರೆ ಮೌಂಟು, ಆಕ್ಸಲ್ಲು, ಗೇರ್ ಕೇಬಲ್ಲು ಎಲ್ಲ ಹೊಸದಾಗಿ ಮಾಡಿಸಬೇಕು. ತೂಕದ ಮಾತು ಸ್ವಲ್ಪ ಉತ್ಪ್ರೇಕ್ಷೆ. 2ಜಿಆರ್ ಪೂರ್ತಿ ಅಲ್ಯೂಮಿನಿಯಂ, ನನ್ನ 3ಎಸ್-ಜಿಟಿಇ ಬ್ಲಾಕು ಬೀಡು ಕಬ್ಬಿಣ, ಮೇಲೆ ಟರ್ಬೋ, ಇಂಟರ್‌ಕೂಲರ್ ಬೇರೆ.

ವಿ6 ಮಧ್ಯದಲ್ಲಿ ಕೂರಲ್ಲ ಅನ್ನೋರಿಗೆ ನನ್ನ ಊರಿನದೇ ಉದಾಹರಣೆ. ಇಲ್ಲಿಂದ ಸ್ವಲ್ಪ ದೂರದ ಹೆಥೆಲ್‌ನಲ್ಲಿ ಲೋಟಸ್ ಕಾರ್ಖಾನೆ. ಅವರು 2009ರಲ್ಲಿ ಎವೋರಾ ತಂದಾಗ ಹಾಕಿದ್ದು ಇದೇ 2ಜಿಆರ್-ಎಫ್ಇ, ಅಡ್ಡಡ್ಡ, ಸೀಟಿನ ಹಿಂದೆ. ಗೇರ್‌ಬಾಕ್ಸ್ ಯಾವುದು ಗೊತ್ತಾ? ಟೊಯೋಟಾ ಅವೆನ್ಸಿಸ್ ಡೀಸೆಲ್ ಕಾರಿನ ಆರು ಸ್ಪೀಡಿನದು! ಸ್ಪೋರ್ಟ್ಸ್ ಕಾರಿಗೆ ಸಂಸಾರಸ್ಥರ ಡೀಸೆಲ್ ಗೇರ್‌ಬಾಕ್ಸಾ ಅಂತ ಆಗ ಎಷ್ಟೋ ಜನ ಮೂಗು ಮುರಿದರು. ಆದರೆ ಆ 2.2 ಡೀಸೆಲ್ಲಿನ ಜೋರಾದ ಮಾದರಿ ಕೊಡುತ್ತಿದ್ದದ್ದು 400 ನ್ಯೂಟನ್ ಮೀಟರ್. ಆಮೇಲೆ ಸೂಪರ್‌ಚಾರ್ಜರ್ ಹಾಕಿದ ಎವೋರಾ ಎಸ್ ಬಂತು, ಅದರ ಟಾರ್ಕೂ ಸರಿಯಾಗಿ 400. ಹಾರ್ಸ್‌ಪವರ್ ನೋಡಿದರೆ ಡೀಸೆಲ್ 177 ಪಿಎಸ್, ಲೋಟಸ್ 350. ಮೇಷ್ಟ್ರು ಮೊದಲು ಹೇಳಿದ್ದು ಇದನ್ನೇ ಅಲ್ವಾ?

ಗ್ಯಾರೇಜ್‌ಮೇಷ್ಟ್ರು

ಮೇಡಂ, ಇದಕ್ಕಿಂತ ಒಳ್ಳೇ ಉದಾಹರಣೆ ನನಗೂ ಹೊಳೆದಿರಲಿಲ್ಲ.

ನಮ್ಮ ಕಡೆ ಪಾಂಟಿಯಾಕ್ ಫಿಯೆರೋ ಅಂತ ಒಂದಿತ್ತು, 1984ರಿಂದ 1988ರವರೆಗೆ ಬಂತು. ಅದೂ ಮಧ್ಯದ ಎಂಜಿನ್ನೇ. ಜಿಎಂನ ಮುಂಚಕ್ರದ ಕಾರುಗಳಲ್ಲಿ ಎಷ್ಟೋ ಎಂಜಿನ್ನುಗಳಿಗೆ ಬೆಲ್ ಹೌಸಿಂಗ್ (ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಮುಖ) ಬೋಲ್ಟಿನ ಜಾಗ ಒಂದೇ. ಸೂಪರ್‌ಚಾರ್ಜರ್ ಇರುವ 3800 ವಿ6 ಆಗಲಿ, ಕ್ಯಾಡಿಲ್ಯಾಕ್‌ನ ವಿ8 ಆಗಲಿ, ಹಳೇ ಗೇರ್‌ಬಾಕ್ಸಿಗೆ ಬಂದು ಕೂತುಬಿಡುತ್ತೆ. ಕೂತಿತು ಅಂದ ಮಾತ್ರಕ್ಕೆ ತಡೆಯುತ್ತೆ ಅಂತಲ್ಲ. ಆ 3800 ಕೊಡೋದು 280 ಪೌಂಡ್ ಫುಟ್, ಸುಮಾರು 380 ನ್ಯೂಟನ್ ಮೀಟರ್. ಬಲ್ಲವರು ಎಫ್40 ಆರು ಸ್ಪೀಡ್ ಹುಡುಕಿ ಹಾಕ್ತಾರೆ. ಹೆಸರಲ್ಲೇ ಇದೆ, 40 ಅಂದ್ರೆ 400 ನ್ಯೂಟನ್ ಮೀಟರ್ ದರ್ಜೆ. ಎಲ್ಲಾ ಕಂಪನಿಯೂ ಹೀಗೆ ಹೆಸರಿಟ್ಟಿದ್ದರೆ ಈ ಚರ್ಚೆಯೇ ಬೇಕಿರಲಿಲ್ಲ.

ಹಳೇ ಪೇಪರ್ (ಮೈಸೂರು)

ನಾನು ಸ್ಪ್ಯಾನರ್ ಹಿಡಿದವನಲ್ಲ, ರೇಸ್ ಕಥೆ ಓದುವವನು. ಮಧ್ಯದ ಎಂಜಿನ್, ಗೇರ್‌ಬಾಕ್ಸ್ ಅಂದಾಗ ಫೋರ್ಡ್ ಜಿಟಿ40 ನೆನಪಾಯಿತು. 1964ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆ ರೇಸಿಗೆ ಮೂರು ಕಾರು ಕಳಿಸಿದರು. 4.2 ಲೀಟರ್ ವಿ8, ಇಟಲಿಯ ಕೊಲೊಟ್ಟಿ ಗೇರ್‌ಬಾಕ್ಸ್. ಒಂದು ಬೆಂಕಿ ಹತ್ತಿ ನಿಂತಿತು, ಉಳಿದೆರಡೂ ಗೇರ್‌ಬಾಕ್ಸ್ ಕೈಕೊಟ್ಟು ನಿಂತವು. ಆಮೇಲೆ ಜರ್ಮನಿಯ ಜ಼ೆಡ್‌ಎಫ್ ಗೇರ್‌ಬಾಕ್ಸಿಗೆ ಬಂದರು. 7 ಲೀಟರ್ ಎಂಜಿನ್ ಹಾಕಬೇಕು ಅಂದಾಗ ಅದಕ್ಕೆ ಅಂತಲೇ ಟಿ44 ಅನ್ನುವ ನಾಲ್ಕು ಸ್ಪೀಡಿನದನ್ನು ತಾವೇ ಮಾಡಿಕೊಂಡರು. ಐದಲ್ಲ, ನಾಲ್ಕು! 1966ರಲ್ಲಿ ಮೊದಲ ಮೂರು ಸ್ಥಾನ ಅವರದೇ.

ರಾಮನಗರ ರಸ್ತೆ

ನಾಲ್ಕು ಯಾಕೆ ಅಂದ್ರೆ, 7 ಲೀಟರಿಗೆ ಟಾರ್ಕ್ ಎಲ್ಲಾ ಸ್ಪೀಡಿನಲ್ಲೂ ಇರುತ್ತೆ. ಒಂದು ಗೇರ್ ಬಿಟ್ಟರೆ ಉಳಿದ ನಾಲ್ಕನ್ನು ಅದೇ ಜಾಗದಲ್ಲಿ ಅಗಲ ಮಾಡಬಹುದು.

ಅಂದಹಾಗೆ, ಪೋರ್ಷೆ 911ರ ಗೇರ್‌ಬಾಕ್ಸನ್ನು ಮಧ್ಯದ ಎಂಜಿನ್ ಕಾರಿಗೆ ಹಾಗೇ ತಿರುಗಿಸಿ ಹಾಕಿದವರ ಕಥೆ ಗೊತ್ತಲ್ಲ? ಡಿಫರೆನ್ಷಿಯಲ್ಲಿನ ದೊಡ್ಡ ಕ್ರೌನ್ ಗೇರನ್ನು ಆಚೆ ಬದಿಗೆ ಮಗುಚಿ ಹಾಕೋದು ಮರೆತರೆ ಕಾರಿಗೆ ಒಂದು ಮುಂದಿನ ಗೇರು, ಐದು ರಿವರ್ಸ್.

ಕುಂದಾಪ್ರದವ

ನಮ್ಮೂರ ಪೇಟೆಯಲ್ಲಿ ಪಾರ್ಕಿಂಗ್ ಮಾಡೋಕೆ ಅದೇ ಬೇಕು ಮಾರಾಯ್ರೆ.

ನಿಜವಾಗ್ಲೂ ಕೇಳ್ತೀನಿ, ಇಂಥ ಕೆಲಸ ಇಲ್ಲಿ ಮಾಡಬಹುದಾ?

ರಾಮನಗರ ರಸ್ತೆ

ಎಂಆರ್2 ಇಲ್ಲಿ ಕಂಪನಿಯಿಂದ ಮಾರಾಟಕ್ಕೇ ಬರಲಿಲ್ಲ. ಇದ್ದರೂ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಇದೆ. ಬೇರೆ ಜಾತಿಯ ಎಂಜಿನ್ ಹಾಕಿ, ಆರ್‌ಸಿಯಲ್ಲಿ ಹಳೇದೇ ಇಟ್ಟುಕೊಂಡು ರಸ್ತೆಗಿಳಿದರೆ ಆರ್‌ಟಿಒ ಸುಮ್ನೆ ಬಿಡಲ್ಲ. ಇನ್ಶೂರೆನ್ಸ್ ಕ್ಲೇಮ್ ಕೂಡ ಮರೆತುಬಿಡಿ.

ಬೇ ಏರಿಯಾ ಬಸವ

ಐದನೇಗೇರ್, ಕ್ಯಾಲಿಫೋರ್ನಿಯಾದಲ್ಲೂ ನೀನು ಅಂದುಕೊಂಡಷ್ಟು ಸಲೀಸಿಲ್ಲ. ಬದಲಿ ಎಂಜಿನ್ ಕಾರಿನಷ್ಟೇ ಹೊಸದು ಅಥವಾ ಅದಕ್ಕಿಂತ ಹೊಸದಾಗಿರಬೇಕು. ಅದರ ಜೊತೆ ಬಂದ ಕ್ಯಾಟಲಿಟಿಕ್ ಕನ್ವರ್ಟರ್, ಪೆಟ್ರೋಲ್ ಆವಿ ಹಿಡಿಯುವ ಡಬ್ಬಿ, ಸೆನ್ಸರ್ ಎಲ್ಲಾ ಕೆಲಸ ಮಾಡ್ತಿರಬೇಕು. ಆಮೇಲೆ ಸ್ಮಾಗ್ ರೆಫರಿ (ಇಂಥ ಕಾರುಗಳ ಹೊಗೆ ತಪಾಸಣೆ ಮಾಡುವವರು) ಹತ್ರ ತೋರಿಸಿ ಸ್ಟಿಕ್ಕರ್ ಹಾಕಿಸಬೇಕು. ಈ ಲೆಕ್ಕಕ್ಕೆ ಕ್ಯಾಮ್ರಿ ವಿ6 ಒಳ್ಳೇದು, ಇಲ್ಲೇ ಮಾರಾಟವಾದ ಎಂಜಿನ್ನು. ಜಪಾನಿನಿಂದ ಬರುವ ಟರ್ಬೋ ತಂದರೆ ರೆಫರಿ ಮುಂದೆ ಕೈಕಟ್ಟಿ ನಿಲ್ಲಬೇಕಾಗುತ್ತೆ.

ನಾನು ಹಾಕಿದ್ದೀನಿ. ಎರಡು ಕಿವಿಮಾತು. ಒಂದು, ಮೊದಮೊದಲ 2ಜಿಆರ್‌ಗಳಲ್ಲಿ ವಿವಿಟಿ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಎಣ್ಣೆ ಪೈಪಿನ ನಡುವೆ ರಬ್ಬರ್ ತುಂಡು ಇರುತ್ತಿತ್ತು. ಅದು ಒಡೆದರೆ ಎಣ್ಣೆಯೆಲ್ಲ ಆಚೆ. ಎಂಜಿನ್ ಹೊರಗಿರುವಾಗಲೇ ಪೂರ್ತಿ ಲೋಹದ ಪೈಪ್ ಹಾಕಿಬಿಡು. ಕೂರಿಸಿದ ಮೇಲೆ ಕೈ ಹೋಗಲ್ಲ. ಎರಡು, ವೈರಿಂಗ್. ಈ ಎಂಜಿನ್ನಿಗೆ ಕೇಬಲ್ ಎಕ್ಸಲರೇಟರ್ ಇಲ್ಲ, ಪೆಡಲ್ಲೂ ಎಲೆಕ್ಟ್ರಾನಿಕ್. ಅದರ ಕಂಪ್ಯೂಟರ್ ಹುಟ್ಟಿದ್ದೇ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಜೊತೆ, ಅದಿಲ್ಲ ಅಂದ್ರೆ ಅಳ್ತಾ ಕೂರುತ್ತೆ. ಎಂಜಿನ್ ಕೂರಿಸೋಕೆ ಎರಡು ಶನಿವಾರ ಹಿಡಿದರೆ, ವೈರಿಂಗಿಗೆ ಎರಡು ತಿಂಗಳು ಹಿಡಿಯಿತು ನನಗೆ.

ಗೇರ್‌ಬಾಕ್ಸ್ ನಂದೂ ಇ153. 90ರ ದಶಕದಲ್ಲಿ ಮ್ಯಾನುವಲ್ ಕ್ಯಾಮ್ರಿ ವಿ6ಗೂ ಇದೇ ಇ153 ಬರ್ತಿತ್ತು, ಹಾಗಾಗಿ ಟೊಯೋಟಾ ವಿ6ಗೆ ಬಂದು ಕೂರುತ್ತೆ. ಕ್ಯಾಮ್ರಿಯದರ ಫೈನಲ್ ಡ್ರೈವ್ ಇನ್ನೂ ಉದ್ದ, ಅಂದ್ರೆ ಅದೇ ವೇಗಕ್ಕೆ ಎಂಜಿನ್ ಕಮ್ಮಿ ಸುತ್ತುತ್ತೆ. ಕೆಲವರು ಅದನ್ನು ಹುಡುಕಿ ಹಾಕ್ತಾರೆ.

ಐದನೇಗೇರ್ (ಒಂಬತ್ತು ತಿಂಗಳ ನಂತರ)

ಮುಗೀತು. ಎಂಜಿನ್ನಿಗಿಂತ ಮೊದಲು ಗೇರ್‌ಬಾಕ್ಸ್ ಕೊಂಡೆ. ಮೂರು ಇ153 ನೋಡಿದೆ. ಮೊದಲನೆಯವನು ಪ್ಲಗ್ ಬಿಚ್ಚೋಕೆ ಬಿಡಲಿಲ್ಲ. ಎರಡನೇದರಲ್ಲಿ ಅವಲಕ್ಕಿ. ಮೂರನೇದರಲ್ಲಿ ವಿಭೂತಿ, ಅದನ್ನೇ ತಂದೆ. 1993ರ ನಂತರದ್ದು, ಸಿಂಕ್ರೋ (ಗೇರ್ ಬದಲಿಸುವಾಗ ವೇಗ ಹೊಂದಿಸುವ ರಿಂಗು) ಸುಧಾರಿಸಿದ ಮಾದರಿ. ಕ್ಲಚ್ ಮೇಷ್ಟ್ರು ಹೇಳಿದ ಸಾದಾದು. ರೆಫರಿ ಸ್ಟಿಕ್ಕರ್ ಎರಡನೇ ಸಲಕ್ಕೆ ಸಿಕ್ಕಿತು.

ಐದನೇ ಗೇರಿನಲ್ಲಿ 100 ಕಿಲೋಮೀಟರಿಗೆ 2,750 ಆರ್‌ಪಿಎಂ. ಬೆಟ್ಟದ ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಕೂತರೆ ಸಾಕು, ಕೈ ಗೇರಿನ ಕಡೆ ಹೋಗೋದೇ ಇಲ್ಲ. ಒಂದೇ ಒಂದು ಕಿರಿಕಿರಿ. ಬೆಳಿಗ್ಗೆ ತಣ್ಣಗಿರುವಾಗ ಎರಡನೇ ಗೇರು ಕರ್ ಅನ್ನುತ್ತೆ.

ಎಣ್ಣೆಕೈ

ಯಾವ ಎಣ್ಣೆ ಹಾಕಿದ್ದೀರಿ? ಡಬ್ಬಿ ಮೇಲಿನ ದರ್ಜೆ ಜಿಎಲ್-5 ಆಗಿದ್ದರೆ ಇಳಿಸಿ, 75ಡಬ್ಲ್ಯೂ-90 ಜಿಎಲ್-4 ಹಾಕಿ. ಜಿಎಲ್-5ನಲ್ಲಿ ಎಷ್ಟೋ ಎಣ್ಣೆ ಹಿತ್ತಾಳೆ ಸಿಂಕ್ರೋ ಹಿಡಿಯೋಕೆ ಬಿಡದಷ್ಟು ಜಾರುತ್ತೆ.

ಐದನೇಗೇರ್

ಡಬ್ಬಿ ನೋಡಿದೆ. ಜಿಎಲ್-5. ಶನಿವಾರ ಇಳಿಸ್ತೀನಿ.

ವಿಟೆಕ್ ಭಕ್ತ

ಆ ಹಳೇ ಎಸ್54 ಏನು ಮಾಡಿದ್ರಿ? ನನ್ನ ಗೆಳೆಯನ 5ಎಸ್ ಕಾರಿಗೆ ಬೇಕಿತ್ತು.

ಐದನೇಗೇರ್

ಗ್ಯಾರೇಜಿನಲ್ಲೇ ಇದೆ, ಮಗ ಅದರ ಮೇಲೆ ಕೂತು ಹೋಮ್‌ವರ್ಕ್ ಮಾಡ್ತಾನೆ. ತಗೊಂಡು ಹೋಗಿ, ದುಡ್ಡು ಬೇಡ. ಟೊರಾಂಟೊಗೆ ಕಳಿಸೋ ಖರ್ಚು ಮಾತ್ರ ನಿಮ್ಮದು. ಪ್ಲಗ್ ಬಿಚ್ಚಿ ಫೋಟೋ ಹಾಕ್ತೀನಿ, ನೋಡಿ ಹೇಳಿ.